ಎರಡನೇ ದಿಂಬಿನ ಲೆಕ್ಕ

ಡಿಸೆಂಬರ್ ೮, ಭಾನುವಾರ
(ಮೊದಲ ಪುಟ ಖಾಲಿ ಉಳಿದಿತ್ತು. ಅದಕ್ಕೇ ಇದು ಇಲ್ಲಿ.)

ಒಟ್ಟು ಖರ್ಚು ಹೀಗಿದೆ. ದಿಂಬು ಮೂರು. ಅಂಗಡಿಯ ಬೋರ್ಡಿನಲ್ಲಿದ್ದ ಒಂದು ಸಾಲು, ಬಣ್ಣ ಬಳಿದು ಅಳಿಸಿದ್ದು. ಹೆಂಡತಿಯ ಅಕ್ಕ ನನ್ನ ಮೇಲೆ ಇಟ್ಟಿದ್ದ ಮರ್ಯಾದೆ. ಅದು ಮೊದಲಿಂದಲೂ ಚಿಲ್ಲರೆ ಮೊತ್ತ. ಮದುವೆಯಾದಾಗಿನಿಂದ ನಾನು ಗೆದ್ದುಕೊಂಡೇ ಬಂದಿದ್ದ ಒಂದು ವಾದ. ಆಸ್ಪತ್ರೆಯ ಬಿಲ್ಲನ್ನು ಇದರಲ್ಲಿ ಸೇರಿಸಿಲ್ಲ. ಅದು ಮಗಳ ಹತ್ತಿರ ಇದೆ, ಕೊಟ್ಟಾಯಿತು, ಮುಗಿಯಿತು. ಮೇಲಿನ ಬಾಬತ್ತುಗಳಿಗೆ ಮಾತ್ರ ರಸೀದಿ ಸಿಗುವುದಿಲ್ಲ.

ಬಂದದ್ದೇನು ಎನ್ನುವುದು ಕೊನೆಯ ಪುಟದ ಮಾತು.

ನವೆಂಬರ್ ೫, ಮಂಗಳವಾರ

ನನ್ನ ಹಾಸಿಗೆ ಅಂಗಡಿಯ ಲೆಕ್ಕದ ಪುಸ್ತಕ ಮಗಳ ಕೈಗೆ ಹೋಗಿದೆ. ದಿನಾ ಸಂಜೆ ಏನಾದರೂ ಗೀಚಿ ರೂಢಿಯಾದ ಕೈ ಸುಮ್ಮನೆ ಕೂರುವುದಿಲ್ಲ. ಅದಕ್ಕೆ ಈ ಹೊಸ ಪುಸ್ತಕ.

ನಡೆದದ್ದು ಇಷ್ಟು. ಶುಕ್ರವಾರ ಹೆಂಡತಿಗೆ ಪಾದ ಜುಮ್ಮೆಂದಿತು. ಮಾರನೇ ದಿನ ಮೆಟ್ಟಿಲು ಹತ್ತಲಾಗಲಿಲ್ಲ. "ಕಂಡವರ ಅಂಗಡಿ ಹಾಸಿಗೆ ಮೇಲೆ ಮಲಗೋರಿಗೆ ಹೀಗಾಗುತ್ತೆ, ನಿನಗೆ ಹೇಗೆ ಬಂತು?" ಎಂದು ನಾನು ನಗೆಯಾಡಿದೆ. ಭಾನುವಾರ ಕೈ ಮೇಲೇಳಲಿಲ್ಲ. ನಿನ್ನೆ ಉಸಿರು ಸಾಲದೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಐಸಿಯು, ಬಾಯೊಳಗೆ ಟ್ಯೂಬು, ಪಕ್ಕದಲ್ಲಿ ಇವಳ ಬದಲಿಗೆ ಉಸಿರಾಡುವ ಯಂತ್ರ.

ಡಾಕ್ಟರು ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ಹೇಳಿದರು: "ಇದು ನರಗಳ ಕಾಯಿಲೆ. ಕಾಲಿಂದ ಮೇಲಕ್ಕೆ ಹತ್ತುತ್ತೆ, ಆಮೇಲೆ ನಿಧಾನವಾಗಿ ಇಳಿಯುತ್ತೆ. ಇಳಿಯೋವರೆಗೂ ಉಸಿರನ್ನ ವೆಂಟಿಲೇಟರ್ ನೋಡಿಕೊಳ್ಳುತ್ತೆ. ನರದ್ದು ನನಗೆ ಅಷ್ಟು ಚಿಂತೆ ಇಲ್ಲ. ಭಯ ಇರೋದು ನ್ಯುಮೋನಿಯಾದ್ದು. ಟ್ಯೂಬ್ ಇರೋರಿಗೆ ಅದು ಬೇಗ ಬರುತ್ತೆ. ಬಂತು ಅಂದ್ರೆ, ಇವರಿರೋ ಸ್ಥಿತೀಲಿ ಉಳಿಸಿಕೊಳ್ಳೋದು ಕಷ್ಟ."

"ಬರಲ್ಲ ಅನ್ನೋದಕ್ಕೆ ಗ್ಯಾರಂಟಿ ಎಷ್ಟು?" ಎಂದೆ. ಬಾಯಿ ತಪ್ಪಿ ಬಂದ ಮಾತು. ನಾನು ನನ್ನ ಹಾಸಿಗೆಗಳಿಗೆ ಏಳು ವರ್ಷ ಕೊಡುತ್ತೇನೆ.

"ಇಲ್ಲಿ ಗ್ಯಾರಂಟಿ ಕಾರ್ಡ್ ಕೊಡಲ್ಲ ಯಜಮಾನ್ರೇ. ಬರದ ಹಾಗೆ ನೋಡಿಕೊಳ್ತೀವಿ."

ರಾತ್ರಿ ಮನೆಯಲ್ಲಿ ನಿದ್ದೆ ಬರಲಿಲ್ಲ. ನನ್ನ ಅಂಗಡಿಯ ಅತಿ ದುಬಾರಿ ಹಾಸಿಗೆ, ಪಕ್ಕದಲ್ಲಿ ಇವಳ ಗೊರಕೆಯ ಕಾಟವೂ ಇಲ್ಲ. ಆದರೂ ಬರಲಿಲ್ಲ. ಫೋಮು ಹಳತಾಗಿರಬೇಕು.

ನವೆಂಬರ್ ೬, ಬುಧವಾರ

ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಒಳಗೆ ಬಿಡುತ್ತಾರೆ. ಮೊದಲು ನೋಡಿದ್ದು ಹಾಸಿಗೆಯನ್ನು. ಹುಟ್ಟುಗುಣ. ಫೋಮು ಕಳಪೆಯಲ್ಲ, ಹೊಲಿಗೆ ಪರವಾಗಿಲ್ಲ. ಆದರೆ ಮಂಚದ ತಲೆಯ ಕಡೆಯನ್ನು ಎತ್ತಿ ನಿಲ್ಲಿಸಿದ್ದಾರೆ! ಕೈಕಾಲು ಆಡದ ಹೆಂಗಸು ಆರಾಮಕುರ್ಚಿಯಲ್ಲಿ ಬಿದ್ದುಕೊಂಡ ಹಾಗೆ ಅರೆ ಕುಳಿತಿದ್ದಾಳೆ. ಇಡೀ ಊರಿಗೆ "ಸಪಾಟಾಗಿ ಮಲಗಿ, ನೆಟ್ಟಗೆ ಏಳಿ" ಎಂದು ಬೋರ್ಡು ಬರೆಸಿ ಹಾಸಿಗೆ ಮಾರಿದವನ ಹೆಂಡತಿಗೆ ಈ ಗತಿ.

"ಸಿಸ್ಟರ್, ಇದನ್ನ ಸ್ವಲ್ಪ ಇಳಿಸಿ. ಬೆನ್ನು ಹೋಗುತ್ತೆ."

ಆ ಹುಡುಗಿ ಮಂಚದ ಪಕ್ಕದಲ್ಲಿ ಓರೆ ಎಷ್ಟೆಂದು ತೋರಿಸುವ ಚಿಕ್ಕ ಮುಳ್ಳನ್ನು ತೋರಿಸಿದಳು. "ಮೂವತ್ತು ಡಿಗ್ರಿ ಅಂಕಲ್. ಇದಕ್ಕಿಂತ ಇಳಿಯೋ ಹಾಗಿಲ್ಲ. ಮೂಗಿನ ನಳಿಗೆಯಿಂದ ಹೊಟ್ಟೆಗೆ ಆಹಾರ ಹೋಗ್ತಿದೆ. ಸಪಾಟಾಗಿ ಮಲಗಿಸಿದ್ರೆ ಅದು ಗಂಟಲಿಗೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಇಳಿಯುತ್ತೆ."

"ನಾನು ಹಾಸಿಗೆ ವ್ಯಾಪಾರದೋನು ಸಿಸ್ಟರ್. ಮಲಗೋ ವಿಷಯ ನನಗೂ ಗೊತ್ತು."

"ಮಲಗೋದು ನಿಮ್ಮ ವಿಷಯ ಅಂಕಲ್. ಉಸಿರಾಡೋದು ನಂದು."

ಹೆಸರು ಕೇಳಲಿಲ್ಲ. 'ಮೂವತ್ತು ಡಿಗ್ರಿ' ಎಂದು ಇಟ್ಟುಕೊಂಡಿದ್ದೇನೆ.

ಆಮೇಲೆ ಮೂವತ್ತು ಡಿಗ್ರಿ ಒಂದು ಸಣ್ಣ ಬ್ರಷ್ ತಂದು ಇವಳ ಹಲ್ಲುಜ್ಜಿದಳು. ನಾಲಿಗೆ, ಒಸಡು, ಕೆನ್ನೆಯ ಒಳಗೆ, ಟ್ಯೂಬಿನ ಸುತ್ತ. ಉಜ್ಜಿದ ನೀರನ್ನು ಒಂದು ಯಂತ್ರ ಹೀರಿಕೊಂಡಿತು. ಎರಡು ದಿನದಿಂದ ಬಾಯಿಗೆ ಒಂದು ಅಗುಳು ಬಿದ್ದಿಲ್ಲ, ಏನಿದೆ ಉಜ್ಜುವುದಕ್ಕೆ? ಬಿಲ್ಲಿಗೆ ಒಂದು ಸಾಲು ಸೇರಿಸುವುದಕ್ಕೆ ಇರಬಹುದು. ನಾನೂ ಹಾಸಿಗೆಯ ಜೊತೆ ಕವರು ಮಾರಿದವನೇ.

ನವೆಂಬರ್ ೭, ಗುರುವಾರ

ಮಗಳ ಫೋನು. "ಅಪ್ಪಾ, ಕಂಡಕ್ಟರ್ ಬಂದು ಕೂತಿದ್ದಾರೆ. ಹಾಸಿಗೆ ತಗೊಂಡ್ರೆ ದಿಂಬು ಫ್ರೀ ಅಂತ ಬರೆದಿದೀರಲ್ಲ, ಎಲ್ಲಿ ದಿಂಬು ಅಂತಾರೆ. ಸ್ಟಾಕ್ ಖಾಲಿ."

ಈ ಕಂಡಕ್ಟರು ಬಸ್ಸಿನ ಕೆಲಸದಿಂದ ನಿವೃತ್ತನಾದವನು. ಒಂದು ಹಾಸಿಗೆ ಕೊಳ್ಳಲು ಹನ್ನೊಂದು ಸಲ ಬಂದು ಹೋದವನು. ಬರಿಗೈಯಲ್ಲಿ ಎದ್ದು ಹೋಗುವ ಜಾತಿಯಲ್ಲ.

"ಮನೇಲಿ ನಿಮ್ಮಮ್ಮನ ಎರಡನೇ ದಿಂಬು ಇದೆಯಲ್ಲ. ಹೊಸ ಕವರ್ ಹಾಕಿ ಕೊಟ್ಟುಬಿಡು."

"ಅಮ್ಮನ ದಿಂಬಾ?"

"ಅದು ಬಳಸಿದ್ದೇ ಅಲ್ಲ."

ಸುಳ್ಳಲ್ಲ. ಇವಳು ದಿನಾ ಎರಡು ದಿಂಬು ಪೇರಿಸಿ ಮಲಗುವುದು, "ಎದೆ ಉರಿಯುತ್ತೆ ರೀ, ತಲೆ ಮೇಲಿದ್ರೆ ಹಿತ" ಅನ್ನುವುದು. ನಾನು "ಹಾಸಿಗೆ ಅಂಗಡಿಯವನ ಹೆಂಡತಿ ಎರಡು ದಿಂಬಿಟ್ಟು ಮಲಗಿದ್ರೆ ಅಂಗಡಿ ಮಾನ ಏನಾಗಬೇಕು" ಅನ್ನುವುದು. ಇವಳಿಗೆ ನಿದ್ದೆ ಹತ್ತಿದ ಮೇಲೆ ಎರಡನೆಯದನ್ನು ಮೆಲ್ಲಗೆ ಎಳೆದು ಕೆಳಗಿಡುವುದು. ಹೀಗೆ ದಿನಕ್ಕೆ ಅರ್ಧ ಗಂಟೆ ಮಾತ್ರ ತಲೆ ತಾಗಿದ ದಿಂಬು. ಹೊಸದಕ್ಕೆ ಸಮ.

ಸಂಜೆ ಇವಳ ಪಕ್ಕ ನಿಂತು ಇದನ್ನೇ ಕಥೆ ಮಾಡಿ ಹೇಳಿ ನಕ್ಕೆ. ಕಣ್ಣು ಮುಚ್ಚಿತ್ತು. ಮೂವತ್ತು ಡಿಗ್ರಿ ಪರದೆಯ ಆಚೆಯಿಂದ, "ಅಂಕಲ್, ಅವರಿಗೆ ಎಲ್ಲ ಕೇಳಿಸುತ್ತೆ" ಎಂದಳು. ಕೇಳಿಸಲಿ ಎಂದೇ ಹೇಳಿದ್ದು. ಎದುರು ಮಾತಾಡದ ಕೇಳುಗರು ಇಷ್ಟು ವರ್ಷಕ್ಕೆ ಸಿಕ್ಕಿದ್ದಾರೆ.

ನವೆಂಬರ್ ೮, ಶುಕ್ರವಾರ

ದಿನಾ ಬೆಳಗ್ಗೆ ಡಾಕ್ಟರು ಮಂಚದ ಬಳಿ ನಿಂತು ಮೊದಲು ಕೇಳುವುದು ಒಂದೇ: "ಇವತ್ತು ಟ್ಯೂಬ್ ತೆಗೀಬಹುದಾ?" ಇನ್ನೂ ಇಲ್ಲ ಎಂದು ಅವರೇ ಹೇಳಿಕೊಂಡು ಮುಂದೆ ಹೋಗುತ್ತಾರೆ. ಟ್ಯೂಬು ಹೆಚ್ಚು ದಿನ ಇದ್ದಷ್ಟೂ ನ್ಯುಮೋನಿಯಾ ಹತ್ತಿರವಂತೆ. ಬಂದ ಗಿರಾಕಿಯನ್ನು ಇವತ್ತೇ ಕಳಿಸಿಬಿಡಬಹುದಾ ಎಂದು ದಿನಾ ಬಾಗಿಲು ತೆಗೆಯುವಾಗಲೇ ಕೇಳಿಕೊಳ್ಳುವ ಅಂಗಡಿಯನ್ನು ನಾನು ಇದೇ ಮೊದಲು ನೋಡುತ್ತಿರುವುದು. ಇವರು ಉದ್ಧಾರವಾಗುವುದಿಲ್ಲ.

ನವೆಂಬರ್ ೯, ಶನಿವಾರ

ಇದನ್ನು ಬರೆಯುವುದೋ ಬೇಡವೋ.

ಸಂಜೆ ಹೋದಾಗ ಇವಳು ಹಾಸಿಗೆಯಲ್ಲಿ ಕೆಳಕ್ಕೆ ಜಾರಿದ್ದಳು. ಗದ್ದ ಎದೆಗೆ ಒತ್ತಿತ್ತು, ಕುತ್ತಿಗೆ ಸೊಟ್ಟಗಿತ್ತು. ಮೂವತ್ತು ಡಿಗ್ರಿ ಪಕ್ಕದ ಮಂಚದ ಮುದುಕನ ಹತ್ತಿರ ಇದ್ದಳು. ಮಂಚದ ಕಾಲ ಬಳಿ ತಿರುಗಿಸುವ ಹಿಡಿ. ನನ್ನ ಗೋದಾಮಿನಲ್ಲೂ ಇಂಥವು ನಾಲ್ಕಿವೆ, ಕಣ್ಣು ಮುಚ್ಚಿ ತಿರುಗಿಸಬಲ್ಲೆ. ತಿರುಗಿಸಿದೆ. ಸಪಾಟಾಯಿತು. ನೋಡಲು ಎಷ್ಟು ಚೆನ್ನಾಗಿತ್ತು, ಅಂಗಡಿಯ ಕ್ಯಾಲೆಂಡರಿನ ಚಿತ್ರದ ಹಾಗೆ.

ಆಮೇಲೆ ಇವಳ ಗಂಟಲಲ್ಲಿ ಗೊರಗೊರ ಸದ್ದು. ಯಂತ್ರ ಕೂಗಿಕೊಂಡಿತು. ಮೂವತ್ತು ಡಿಗ್ರಿ ಓಡಿ ಬಂದಳು. ನನ್ನನ್ನು ಕೇಳಲೂ ಇಲ್ಲ, ತಳ್ಳಿದಳು. ಆಹಾರ ನಿಲ್ಲಿಸಿ, ತಲೆ ಎತ್ತಿ, ಗಂಟಲಿಂದ ಬಿಳಿ ಬಿಳಿ ಏನನ್ನೋ ಹೀರಿ ತೆಗೆದಳು.

"ಜಾರಿದ್ರೆ ಮೇಲಕ್ಕೆ ಸರಿಸಬೇಕು ಅಂಕಲ್. ಮಂಚ ಇಳಿಸಬಾರದು. ನನ್ನ ಕರೀಬಾರದಿತ್ತಾ?"

"ಡಾಕ್ಟರಿಗೆ ಹೇಳ್ತೀರಾ?"

"ಹೇಳ್ತೀನಿ."

"ಸ್ವಲ್ಪ ಸುಧಾರಿಸಿಕೊಳ್ಳಿ ಸಿಸ್ಟರ್. ನಿಮಗೇನಾದ್ರೂ..."

"ಹೊರಗೆ ಹೋಗಿ ಅಂಕಲ್."

ಚೌಕಾಸಿ ಶುರುವಾಗುವ ಮೊದಲೇ ಮುಗಿದದ್ದು ಜೀವನದಲ್ಲಿ ಇದೊಂದೇ ಸಲ.

ನವೆಂಬರ್ ೧೦, ಭಾನುವಾರ

ಜ್ವರ.

ನವೆಂಬರ್ ೧೧, ಸೋಮವಾರ

ಜ್ವರ ಇಳಿದಿಲ್ಲ. ಎಕ್ಸ್-ರೇ ತೆಗೆದಿದ್ದಾರೆ. ಕಫವನ್ನೂ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾರೆ. ನ್ಯುಮೋನಿಯಾ ಇರಬಹುದು, ಇಲ್ಲದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರು.

ಮಗಳು "ಊಟ ಮಾಡಿದ್ರಾ ಅಪ್ಪಾ?" ಎಂದಳು. ಮಾಡಿದೆ ಎಂದೆ. ಮಂಚ ಇಳಿಸಿದ್ದನ್ನು ಅವಳಿಗೆ ಹೇಳಿಲ್ಲ. ಹೇಳಿ ಏನು ಲಾಭ.

ನವೆಂಬರ್ ೧೨, ಮಂಗಳವಾರ

ಕೆಲಸವಿಲ್ಲದೆ ಕೂತವನು ಬಾಗಿಲು ನೋಡುತ್ತಿರುತ್ತಾನೆ. ಐಸಿಯು ಬಾಗಿಲಿನ ಪಕ್ಕ ಗೋಡೆಗೆ ಕೈ ಉಜ್ಜುವ ದ್ರವದ ಬಾಟಲಿ ಇದೆ. ಬರುವವರು ಫೋನು ಜೇಬಿಗೆ ಹಾಕುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಬಾಗಿಲಿನ ಹಿಡಿ ಮುಟ್ಟುತ್ತಾರೆ, ಬಾಟಲಿಯನ್ನು ಮಾತ್ರ ಮುಟ್ಟುವುದಿಲ್ಲ. ನೇರ ಹೋಗಿ ರೋಗಿಯ ಕೆನ್ನೆ ಸವರುತ್ತಾರೆ. ನಾನೂ ಮೊನ್ನೆವರೆಗೆ ಹಾಗೇ.

ಪಕ್ಕದ ಮಂಚದ ಮುದುಕನ ಮಗನಿಗೆ ಹೇಳಿದೆ: "ಸ್ವಾಮಿ, ಕೈಗೆ ಸ್ವಲ್ಪ ಹಾಕ್ಕೊಳ್ಳಿ."

"ನೀವು ಆಸ್ಪತ್ರೆಯೋರಾ?"

"ಅಲ್ಲ. ಹಾಸಿಗೆ ವ್ಯಾಪಾರದೋನು. ಇದು ಫ್ರೀ, ಹಾಕ್ಕೊಳ್ಳಿ."

ಫ್ರೀ ಎಂದ ಮೇಲೆ ಎರಡು ಸಲ ಒತ್ತಿ ಹಾಕಿಕೊಂಡ. ಮನುಷ್ಯರನ್ನು ನಾನು ಬಲ್ಲೆ.

ಇವಳ ಜ್ವರ ಹಾಗೇ ಇದೆ. ಇವತ್ತು ಪಕ್ಕ ನಿಂತು ಮಂಚದ ಮುಳ್ಳು ನೋಡಿದೆ. ಮೂವತ್ತರಲ್ಲೇ ಇತ್ತು. ಹೊರಡುವಾಗ ಇನ್ನೊಮ್ಮೆ ನೋಡಿದೆ.

ನವೆಂಬರ್ ೧೩, ಬುಧವಾರ

ನ್ಯುಮೋನಿಯಾ ಅಲ್ಲ! ಎಕ್ಸ್-ರೇ ಶುದ್ಧವಾಗಿದೆ, ಕಫದಲ್ಲೂ ಏನಿಲ್ಲ. ಮುಂಗೈಗೆ ಚುಚ್ಚಿದ್ದ ಸೂಜಿಯ ಜಾಗ ಕೆಂಪಗಾಗಿ ಊದಿತ್ತಂತೆ, ಜ್ವರ ಬಂದದ್ದು ಅದರಿಂದ. ತೆಗೆದು ಬೇರೆ ಕಡೆ ಹಾಕಿದ್ದಾರೆ.

ಅಂದರೆ ನಾನು ಮೂರು ದಿನ ಊಟ ಬಿಟ್ಟದ್ದು ದಂಡ. ಮಂಚ ಇಳಿಸಿದ್ದಕ್ಕೂ ಜ್ವರಕ್ಕೂ ಸಂಬಂಧವಿಲ್ಲ. ಇದನ್ನು ಮೂವತ್ತು ಡಿಗ್ರಿಗೆ ಕೇಳಿಸುವಂತೆ ಹೇಳಿದೆ.

"ಸಂಬಂಧ ಇಲ್ಲ ಅನ್ನಬೇಡಿ ಅಂಕಲ್, ಅದೃಷ್ಟ ಅನ್ನಿ," ಎಂದಳು. "ಈಗ ಇಳಿಸ್ತೀರಾ ಮತ್ತೆ?"

"ನನಗೇನು ಹುಚ್ಚಾ?"

ಹಲ್ಲುಜ್ಜುವಾಗ ಇವತ್ತು ಹತ್ತಿರ ನಿಂತು ನೋಡಿದೆ. ಅವಳು ಕೈ ಆಡಿಸುತ್ತಲೇ ಹೇಳಿದಳು: ನಮಗೆಲ್ಲ ಗಂಟಲಲ್ಲಿ ಒಂದು ಬಾಗಿಲಿದೆ, ಬೇಡದ್ದು ಹೋದರೆ ಕೆಮ್ಮಿ ಆಚೆ ಹಾಕುತ್ತೇವೆ. ಟ್ಯೂಬು ಆ ಬಾಗಿಲನ್ನು ತೆರೆದೇ ಇಟ್ಟಿರುತ್ತದೆ. ಇವಳಿಗೆ ಕೆಮ್ಮುವ ಶಕ್ತಿಯೂ ಇಲ್ಲ. ಉಣ್ಣದಿದ್ದರೂ ಬಾಯಲ್ಲಿ ಕ್ರಿಮಿ ಬೆಳೆಯುತ್ತಲೇ ಇರುತ್ತವೆ. ಎಂಜಲಿನ ಜೊತೆ ಟ್ಯೂಬಿನ ಹೊರಮೈ ಹಿಡಿದು ಜಾರಿ ಇಳಿಯುತ್ತವೆ. ಬಾಗಿಲಿಗೆ ಬೀಗವಿಲ್ಲದ ಅಂಗಡಿ. ಅಂಗಳವನ್ನಾದರೂ ಗುಡಿಸಿಡಬೇಕು.

ಬಿಲ್ಲಿಗೆ ಸಾಲು ಸೇರಿಸುವುದಕ್ಕೆ ಎಂದು ನಾನು ಬರೆದಿದ್ದೆನಲ್ಲ, ಬಿಲ್ಲು ನೋಡಿದೆ. ಹಲ್ಲುಜ್ಜಿದ್ದಕ್ಕೆ ಸಾಲೇ ಇಲ್ಲ. ವ್ಯವಹಾರ ತಿಳಿಯದ ಜನ.

ನವೆಂಬರ್ ೧೬, ಶನಿವಾರ

ಇವಳ ಅಕ್ಕ ಬಂದರು. ಕೈ ಉಜ್ಜಿಕೊಳ್ಳಲು ನಾಲ್ಕು ಸಲ ಹೇಳಬೇಕಾಯಿತು. "ನಾನೇನು ಚರಂಡಿಯಿಂದ ಎದ್ದು ಬಂದಿದ್ದೀನಾ?" ಎಂದರು. ಒಳಗೆ ಕಾಲಿಟ್ಟು ತಂಗಿಯನ್ನು ನೋಡಿದವರೇ:

"ಅಯ್ಯೋ! ಜೀವ ಇಲ್ಲದ ಗೊಂಬೆ ಥರ ಒರಗಿಸಿ ಕೂರಿಸಿದೀರಲ್ಲ! ಇಳಿಸಿ ಅದನ್ನ, ಮಗು ಬೆನ್ನು ಚಾಚಿ ಮಲಗಲಿ."

"ಇಳಿಸೋ ಹಾಗಿಲ್ಲ ಅತ್ತಿಗೆ."

"ಏನು ಇಳಿಸೋ ಹಾಗಿಲ್ಲ? ಸಪಾಟಾಗಿ ಮಲಗಿ ನೆಟ್ಟಗೆ ಏಳಿ ಅಂತ ಬೀದಿ ತುಂಬ ಬೋರ್ಡ್ ಹಾಕಿದೋರು ಯಾರು? ನನ್ನ ಮೊಣಕಾಲು ನೋವಿಗೂ ಅದನ್ನೇ ಹೇಳಿ ಎರಡು ಹಾಸಿಗೆ ಮಾರಿದ್ರಲ್ಲ!"

"ಅದು ಉಸಿರಾಡೋರಿಗೆ ಅತ್ತಿಗೆ. ಇದು ಮೂವತ್ತು ಡಿಗ್ರಿ. ಹೊಟ್ಟೇಲಿರೋದು ಕೆಳಗೇ ಇರಬೇಕು, ಗಂಟಲಿಗೆ ಬರಬಾರದು. ನೀರು ತಾನಾಗಿ ಇಳಿಜಾರಿಗೆ ಹರಿಯುತ್ತೋ ಇಲ್ಲವೋ? ಹಾಗೆ. ಮೊಣಕಾಲಿನ ಹಾಸಿಗೆ ಬೇರೆ, ಶ್ವಾಸಕೋಶದ ಹಾಸಿಗೆ ಬೇರೆ."

ಹೀಗೆ ಹೇಳುತ್ತ ಹೋದೆ. ಮಾತು ಬರುತ್ತಿತ್ತು, ತಡೆಯಲಿಲ್ಲ. ಅತ್ತಿಗೆ ಮಂಚದ ಹಿಡಿಗೆ ಕೈ ಹಾಕಿದರು. ನಾನು ಅಡ್ಡ ನಿಂತೆ. ನಿಂತ ರಭಸಕ್ಕೆ ಅವರ ಕೈಚೀಲ ಕೆಳಗೆ ಬಿತ್ತು, ಕನ್ನಡಕ ಒಡೆಯಿತು.

"ನೂಕಿದ್ರಾ ನನ್ನ?"

"ಮುಟ್ಟಬೇಡಿ ಅಂದೆ."

ಕನ್ನಡಕದ ದುಡ್ಡು ಕೊಡುತ್ತೇನೆ ಎಂದರೂ ನಿಲ್ಲದೆ ಹೋದರು. ಪರದೆಯ ಹಿಂದೆ ಯಾರೋ ನಕ್ಕ ಹಾಗಾಯಿತು. ಮೂವತ್ತು ಡಿಗ್ರಿಯೇ ಇರಬೇಕು. ನಗುವಂಥದ್ದೇನಿತ್ತೋ.

ನವೆಂಬರ್ ೧೮, ಸೋಮವಾರ

ಇವಳು ರೆಪ್ಪೆ ಆಡಿಸಿ ಉತ್ತರ ಕೊಡುತ್ತಾಳೆ. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ತೊಂದರೆ ಏನೆಂದರೆ ಉತ್ತರ ಬರುವವರೆಗೆ ಕಾಯಬೇಕು. ರೆಪ್ಪೆ ಬಹಳ ನಿಧಾನ. ನಾನು ಒಂದು ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳಿ ಮುಂದಿನದಕ್ಕೆ ಹೋಗುತ್ತಿದ್ದೆ. ಮೂವತ್ತು ಡಿಗ್ರಿ, "ಅಂಕಲ್, ಅವರ ಸರದಿ" ಎಂದಳು.

"ನೋವಿದೆಯಾ?" ಕಾದೆ. ಇಲ್ಲ.

"ಹೆದರಿಕೆ ಆಗ್ತಿದೆಯಾ?" ಕಾದೆ. ಹೌದು.

ಮಂಚದ ಮುಳ್ಳು ನೋಡಿ, "ಹೀಗೆ ಒರಗಿ ಮಲಗೋದು ಕಷ್ಟವಾ?" ಎಂದೆ. ಎರಡು ಸಲ. ಅಲ್ಲ.

"ಹಿತವಾಗಿದೆಯಾ?"

ಒಂದು ಸಲ. ಗಟ್ಟಿಯಾಗಿ ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಕಣ್ಣಿಗೆ ಏನೋ ಬಿದ್ದಿರಬೇಕು.

ನವೆಂಬರ್ ೨೧, ಗುರುವಾರ

ಬೆರಳು ಅಲ್ಲಾಡಿತು. ಯಂತ್ರದ ಒತ್ತಾಸೆ ಕಡಿಮೆ ಮಾಡಿ ಇವಳೇ ಉಸಿರೆಳೆಯುತ್ತಾಳಾ ಎಂದು ದಿನಾ ನೋಡುತ್ತಿದ್ದಾರೆ. ಇವತ್ತು ಸ್ವಲ್ಪ ಹೊತ್ತು ಎಳೆದಳು, ಸುಸ್ತಾದಳು. ಕೆಮ್ಮುವುದನ್ನೂ ಕಲಿಸುತ್ತಿದ್ದಾರೆ. ಕೆಮ್ಮಿಗೆ ಚಪ್ಪಾಳೆ ತಟ್ಟುವ ಜಾಗ ಇದೊಂದೇ ಇರಬೇಕು. ನಾನೂ ತಟ್ಟಿದೆ.

ಬಾಗಿಲಲ್ಲಿ ಒಬ್ಬ ವಾರ್ಡ್ ಬಾಯ್ ಇನ್ನೊಬ್ಬನಿಗೆ ಹೇಳುತ್ತಿದ್ದ: "ಬೇಗ ಕೈ ಉಜ್ಕೊ, ಮೂವತ್ತು ಡಿಗ್ರಿ ಬಂದ್ರು." ತಿರುಗಿ ನೋಡಿದೆ. ಸಿಸ್ಟರ್ ಎಲ್ಲೂ ಇರಲಿಲ್ಲ.

ನವೆಂಬರ್ ೨೪, ಭಾನುವಾರ

ಬೆಳಗ್ಗೆ ಡಾಕ್ಟರು ಎಂದಿನ ಪ್ರಶ್ನೆ ಕೇಳಿದರು. "ಇವತ್ತು ತೆಗೀಬಹುದಾ?" ಉತ್ತರ ಬೇರೆಯಾಗಿತ್ತು.

ನಮ್ಮನ್ನು ಹೊರಗೆ ಕಳಿಸಿದರು. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅವಳಿಗೆ ಹೆದರಿಕೆ ಆಗಿತ್ತು, ಅದಕ್ಕೇ ಬಿಡಿಸಿಕೊಳ್ಳಲಿಲ್ಲ. ಒಳಗಿಂದ ಕೆಮ್ಮು ಕೇಳಿಸಿತು. ಅದು ಯಾರ ಕೆಮ್ಮೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಳಗೆ ಹೋದಾಗ ಬಾಯಿ ಖಾಲಿ ಇತ್ತು. ಮುಖದ ಮೇಲೆ ಆಕ್ಸಿಜನ್ ಮುಖವಾಡ, ತುಟಿಯ ಪಕ್ಕ ಅಂಟುಪಟ್ಟಿಯ ಗುರುತು. ಮಾತಾಡಿಸಬೇಡಿ ಎಂದಿದ್ದರು. ಇವಳೇ ಕಣ್ಣಲ್ಲಿ ಹತ್ತಿರ ಕರೆದಳು. ಬಗ್ಗಿದೆ. ಮರಳು ಕಾಗದ ತಿಕ್ಕಿದ ಹಾಗಿತ್ತು ದನಿ.

"ರೀ."

"ಹೇಳು."

"ಕಂಡಕ್ಟರ್ ಹತ್ರ... ನನ್ನ ದಿಂಬು... ವಾಪಸ್ ಇಸ್ಕೊಂಡು ಬನ್ನಿ."

ನವೆಂಬರ್ ೩೦, ಶನಿವಾರ

ಹೊಸ ದಿಂಬು ಒಯ್ದು ವಾರ್ಡಿನಲ್ಲಿ ತೋರಿಸಿದೆ. ಬೇಡ. ಇನ್ನೂ ದುಬಾರಿಯದು ತಂದೆ. ಬೇಡ. "ಅದು ಬೇಕು. ಅದನ್ನ ನಾನು ದಿನಾ ರಾತ್ರಿ ಇಟ್ಟೆ, ನೀವು ದಿನಾ ತೆಗೆದ್ರಿ." ದನಿ ಇನ್ನೂ ಒಡಕು, ಲೆಕ್ಕ ಮಾತ್ರ ಚೊಕ್ಕ.

ಕಂಡಕ್ಟರನ ಮನೆ ಹುಡುಕಿಕೊಂಡು ಹೋದೆ. ಹೊಸ ದಿಂಬು ತಗೊಂಡು ಹಳೆಯದು ಕೊಡಿ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾಕೆ?"

"ಕಂಪನಿ ಬದಲಾಯಿಸಿ ಕೊಡ್ತಿದೆ."

"ಮೂವತ್ತು ವರ್ಷ ಟಿಕೆಟ್ ಹರಿದವನು ನಾನು. ಸುಳ್ಳು ಹೇಳೋ ಮುಖ ಹಿಂದಿನ ಬಾಗಿಲಿಂದ ಹತ್ತಿದ್ರೂ ಗೊತ್ತಾಗುತ್ತೆ. ಆ ದಿಂಬಲ್ಲಿ ಏನಿದೆ?"

"ಹತ್ತಿ."

"ಹತ್ತಿಗೋಸ್ಕರ ಅಂಗಡಿ ಯಜಮಾನ ಮನೆ ಬಾಗಿಲಿಗೆ ಬರ್ತಾನಾ? ಎರಡು ಹೊಸದು ಕೊಡಿ."

ಒಂದು ಹಾಸಿಗೆಯ ಬೆಲೆಯನ್ನು ಇಡೀ ದಿನ ಎಳೆದಾಡಿ ಐವತ್ತು ರೂಪಾಯಿ ಉಳಿಸಿಕೊಂಡವನು ನಾನು. ಎರಡು ಕೊಟ್ಟೆ. ಅವನು ಒಳಗೆ ಹೋಗಿ, ಹಳೆಯದನ್ನು ಒತ್ತಿ, ಹಿಂಡಿ, ಮೂಲೆ ಮೂಲೆ ಮುಟ್ಟಿ ನೋಡಿ, ಏನೂ ಸಿಗದೆ, ಬಹಳ ಸಂಶಯದಿಂದ ನನ್ನ ಕೈಗಿಟ್ಟ.

"ನಾನೇ ಮೋಸ ಹೋದೆ ಅಂತ ಈಗಲೂ ಅನ್ನಿಸ್ತಿದೆ," ಎಂದ.

ಡಿಸೆಂಬರ್ ೭, ಶನಿವಾರ

ಇವಳು ಮನೆಗೆ ಬಂದಳು. ಗಾಲಿ ಕುರ್ಚಿಯಲ್ಲಿ. ನಡೆಯಲು ಇನ್ನೂ ತಿಂಗಳುಗಳು ಬೇಕಂತೆ.

ಡಿಸೆಂಬರ್ ೮, ಭಾನುವಾರ

ಬೋರ್ಡಿನ ಸಾಲಿಗೆ ಬಣ್ಣ ಬಳಿಸಿದೆ. ಪೇಂಟರು "ಬದಲಿಗೆ ಏನು ಬರೀಲಿ?" ಎಂದ. ಖಾಲಿ ಇರಲಿ ಎಂದೆ.

ಇನ್ನು ಯಾರಿಗೆ ಏನು ಬಂತು.

ಕಂಡಕ್ಟರಿಗೆ ಎರಡು ಹೊಸ ದಿಂಬು, ಜೀವಮಾನಕ್ಕಾಗುವಷ್ಟು ಸಂಶಯ. ಅತ್ತಿಗೆಗೆ ಹೊಸ ಕನ್ನಡಕ, ನನ್ನ ಮೇಲೆ ಹೇಳಿಕೊಂಡು ತಿರುಗಲು ಒಂದು ಕಥೆ. ಮಗಳಿಗೆ ಅಂಗಡಿ, ವಾಪಸು ಕೇಳಿದೆ, ಈ ತಿಂಗಳ ವ್ಯಾಪಾರ ತೋರಿಸಿದಳು, ಪುಸ್ತಕ ಅವಳ ಹತ್ತಿರವೇ ಬಿಟ್ಟೆ. ಸಿಸ್ಟರಿಗೆ ಏನೂ ಇಲ್ಲ. ಒಂದು ಒಳ್ಳೆಯ ಹಾಸಿಗೆ ಕಳಿಸುತ್ತೇನೆಂದರೆ, "ಮಲಗೋಕೆ ಟೈಮ್ ಎಲ್ಲಿದೆ ಅಂಕಲ್" ಎಂದಳು. ಐಸಿಯುನಲ್ಲಿ ಇವಳಿದ್ದ ಮಂಚಕ್ಕೆ ಆಗಲೇ ಬೇರೆಯವರು ಬಂದಿದ್ದರು. ಅವಳಿಂದ ಮೂವತ್ತು ಡಿಗ್ರಿ ಎಂಬ ಹೆಸರೂ ಹೋಯಿತು, ಅದು ಈಗ ನನ್ನದು. ನ್ಯುಮೋನಿಯಾಕ್ಕೆ ಸೊನ್ನೆ.

ಇವಳಿಗೆ ಎರಡನೇ ದಿಂಬು.

ನನಗೆ ಗೊರಕೆ. ಈಗಲೂ ಪಕ್ಕದಲ್ಲೇ ಕೇಳಿಸುತ್ತಿದೆ, ಒಂದಾದ ಮೇಲೆ ಒಂದು. ಎಣಿಸುತ್ತ ಕೂತಿದ್ದೇನೆ. ಫೋಮು ಸರಿಯಾಗಿಯೇ ಇದೆ.